ಸಾಲು ತಪ್ಪಿದ ಪತ್ರ

ಆರು ಸಾವಿರದ ಇನ್ನೂರ ಹನ್ನೊಂದನೆಯ ಪತ್ರದ ಹತ್ತಿರ ತಾರೀಖು ಹಿಂದಕ್ಕೆ ಸರಿಯಿತು.

ತೂಕಡಿಕೆಯಲ್ಲಿ ಹಾಗೆ ಕಂಡಿರಬೇಕೆಂದು ಕಣ್ಣುಜ್ಜಿಕೊಂಡೆ. ಮಧ್ಯಾಹ್ನ ಎರಡೂವರೆಯ ಹೊತ್ತು. ಕಾರ್ಖಾನೆಯ ಚಾವಣಿಯಿಂದ ಇಳಿಬಿಟ್ಟ ಕೊಕ್ಕೆಗಳಲ್ಲಿ ಇಪ್ಪತ್ತು ಮೂವತ್ತು ಭೂಗೋಳಗಳು ಒಣಗುತ್ತಿದ್ದವು. ಕೆಲವಕ್ಕೆ ಸಮುದ್ರ ಮಾತ್ರ ಬಳಿದಿತ್ತು, ನೆಲ ಇನ್ನೂ ಬಂದಿರಲಿಲ್ಲ. ಫ್ಯಾನಿನ ಗಾಳಿಗೆ ಅವೆಲ್ಲ ನಿಧಾನವಾಗಿ ತಿರುಗುತ್ತಿದ್ದವು. ಅಂಟಿನ ವಾಸನೆ, ಹಳೆಯ ಕಂಪ್ಯೂಟರಿನ ಟಿಕ್ ಟಿಕ್, ಗೋಡೆಯ ಮೇಲೆಲ್ಲ ಅಲುಗುವ ನೀಲಿ ಬೆಳಕು. ಅಂಥ ಕಡೆ ಕುಳಿತೂ ನಿದ್ದೆ ಬರದವರಿಗೆ ಏನೋ ಕಾಯಿಲೆ ಇರಬೇಕು.

ಪತ್ರಗಳನ್ನು ದಾಟಿಸುತ್ತಿದ್ದ ಸ್ಕ್ರಿಪ್ಟನ್ನು ನಿಲ್ಲಿಸಿ ಪರದೆಯನ್ನು ಮೇಲಕ್ಕೆ ಸರಿಸಿದೆ. ಪ್ರತಿ ಸಾಲಿನಲ್ಲೂ ಮೊದಲು ಪತ್ರದ ಕ್ರಮಸಂಖ್ಯೆ, ಆಮೇಲೆ ಅದರ ತಾರೀಖು, ಕೊನೆಗೆ 'ಸೇರಿತು' ಎಂಬ ಒಂದು ಮಾತು. ಇಪ್ಪತ್ತೊಂದನೇ ತಾರೀಖು, ಇಪ್ಪತ್ತೆರಡು, ಇಪ್ಪತ್ತೆರಡು. ಆಮೇಲೆ ಎರಡು. ಆಮೇಲೆ ಮತ್ತೆ ಇಪ್ಪತ್ತೆರಡು, ಇಪ್ಪತ್ತಮೂರು.

ಎರಡನೇ ತಾರೀಖಿನ ಆ ಪತ್ರ ಯಾವುದೆಂದು ತೆರೆದು ನೋಡಬೇಕಾಗಿಯೇ ಇರಲಿಲ್ಲ. 'ನಾನು ನನ್ನಿಷ್ಟದಿಂದ ಹೋಗುತ್ತಿದ್ದೇನೆ, ಯಾರೂ ಹುಡುಕಬೇಡಿ' ಎಂದು ಈ ಕಾರ್ಖಾನೆಯ ಯಜಮಾನರು ಕಾಣೆಯಾಗುವ ಹಿಂದಿನ ದಿನ ತಮ್ಮನಿಗೆ ಬರೆದದ್ದು. ಅದನ್ನು ನೋಡಿಯೇ ಪೊಲೀಸರು ಹುಡುಕುವುದನ್ನು ಬಿಟ್ಟು ಕಡತ ಮುಚ್ಚಿದ್ದರು.

"ಏನಾಯ್ತು ಆಂಟಿ? ನಿಂತುಹೋಯ್ತಾ?" ಎಂದಳು ಪಕ್ಕದಲ್ಲಿ ಕುಳಿತಿದ್ದ ಯಜಮಾನರ ಮಗಳು. ನಿದ್ದೆಗೆಟ್ಟು ಅವಳ ಕಣ್ಣುಗಳು ಊದಿಕೊಂಡಿದ್ದವು. ಗೋಳದ ಮೇಲಿನ ಊರುಗಳ ಹೆಸರು ತಿದ್ದುವುದು ಅವಳ ಕೆಲಸ, ಆದರೆ ನಲವತ್ತಮೂರು ದಿನಗಳಿಂದ ಅವಳು ಒಂದು ಹೆಸರನ್ನೂ ತಿದ್ದಿರಲಿಲ್ಲ.

"ನಾನೇ ನಿಲ್ಲಿಸಿದೆ. ಸ್ವಲ್ಪ ನೀರು ಕೊಡು."

ನೀರು ಬೇಕಾಗಿರಲಿಲ್ಲ. ಒಂದು ನಿಮಿಷ ಬೇಕಾಗಿತ್ತು.

ನನ್ನ ವಿಷಯ ಎರಡು ಮಾತು. ಮೂವತ್ತು ವರ್ಷ ಅಂಚೆಯ ವಿಂಗಡಣೆ ಕೋಣೆಯಲ್ಲಿ ನಿಂತು ಸವೆದ ಕಾಲು ನನ್ನದು. ನಿವೃತ್ತಿಯಾದ ಮೇಲೆ ಈ ಇನ್ನೊಂದು ಬಗೆಯ ಟಪಾಲಿನ ಕೆಲಸ ಕಲಿತೆ. ಜನರ ಹಳೆಯ ಕಂಪ್ಯೂಟರುಗಳಲ್ಲಿ ಬಿದ್ದಿರುವ ಈಮೇಲುಗಳನ್ನು ಒಂದೂ ಬೀಳದಂತೆ ಮೇಲ್ ಸರ್ವರಿಗೆ ದಾಟಿಸುತ್ತೇನೆ. ಊರವರು ಟಪಾಲಮ್ಮ ಎನ್ನುತ್ತಾರೆ. ಬೇಡದ ಕಡೆ ಮೂಗು ತೂರಿಸುವವಳು ಎಂದೂ ಅನ್ನುತ್ತಾರೆ, ಅದರಲ್ಲಿ ಸುಳ್ಳೇನೂ ಇಲ್ಲ.

ಕೆಲಸ ಮಾಡುವ ಸ್ಕ್ರಿಪ್ಟು ಒಂದೇ ಪುಟದ್ದು. ಹಳೆಯ ಕಡತ ತೆರೆ, ಮೊದಲ ಪತ್ರ ತೆಗೆ, ಸರ್ವರಿಗೆ ಕೊಡು, ಮುಂದಿನದಕ್ಕೆ ಹೋಗು. ಅಷ್ಟೇ. ಆದರೆ ಬೆಳಿಗ್ಗೆ ನಾನೊಂದು ಪೆದ್ದುತನ ಮಾಡಿದ್ದೆ. ಪತ್ರವನ್ನು ಕೊಡುವಾಗ ಅದರ ಹಳೆಯ ತಾರೀಖನ್ನೂ ಜೊತೆಗೆ ಕೊಡಬೇಕು, ಇಲ್ಲದಿದ್ದರೆ ಸರ್ವರು ಇವತ್ತಿನ ಮುದ್ರೆ ಒತ್ತಿಬಿಡುತ್ತದೆ. ಅದನ್ನು ಮರೆತೆ. ಮೊದಲ ಐವತ್ತು ಪತ್ರಗಳೂ ಇವತ್ತೇ ಹುಟ್ಟಿದ ಕೂಸುಗಳಂತೆ ಹೋಗಿ ಕುಳಿತವು. ವಿಂಗಡಣೆ ಕೋಣೆಯಲ್ಲಿ ಹಳೆಯ ಕಾಗದಕ್ಕೆ ಹೊಸ ಮುದ್ರೆ ಬಿದ್ದಿದ್ದರೆ ನನ್ನನ್ನು ಮೂರು ದಿನ ಮನೆಗೆ ಕಳಿಸುತ್ತಿದ್ದರು. ನಾಲಿಗೆ ಕಚ್ಚಿಕೊಂಡು ಐವತ್ತನ್ನೂ ಅಳಿಸಿ, ಸ್ಕ್ರಿಪ್ಟನ್ನು ತಿದ್ದಿ, ಇನ್ನು ಮೇಲೆ ಪ್ರತಿ ಪತ್ರದ ತಾರೀಖನ್ನೂ ನನ್ನ ಕಣ್ಣಿಗೆ ತೋರಿಸಿಯೇ ಮುಂದೆ ಹೋಗಬೇಕೆಂದು ಒಂದು ಸಾಲು ಸೇರಿಸಿದ್ದೆ. ಆ ಪೆದ್ದುತನ ಆಗದಿದ್ದರೆ ಹಿಂದಕ್ಕೆ ಸರಿದ ತಾರೀಖು ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಹುಡುಗಿ ನೀರು ತಂದಳು. ಕುಡಿದೆ. ಹೇಳದೆ ಇರಲಾಗಲಿಲ್ಲ.

"ಆ ಕಾಗದ ನಿಮ್ಮಪ್ಪ ಹೋಗೋ ಹಿಂದಿನ ದಿನ ಬರೆದಿದ್ದಲ್ಲ ಅನ್ಸುತ್ತೆ."

ಅವಳು ಲೋಟವನ್ನು ವಾಪಸು ತೆಗೆದುಕೊಳ್ಳಲಿಲ್ಲ. ಕೈ ಹಾಗೇ ಚಾಚಿಕೊಂಡಿತ್ತು.

"ತಾರೀಖು ಎರಡು ಅಂತ ಇದೆ. ಇನ್‌ಸ್ಪೆಕ್ಟರು ಈ ಪರದೆ ಮೇಲೇ ನೋಡಿದ್ರು."

"ಪರದೆ ಮೇಲೆ ಹಾಗೇ ಕಾಣುತ್ತೆ. ಈ ಕಂಪ್ಯೂಟರು ಪತ್ರಗಳನ್ನ ತಾರೀಖಿನ ಪ್ರಕಾರ ಜೋಡಿಸಿ ತೋರ್ಸುತ್ತೆ. ಒಳಗೆ, ಕಡತದಲ್ಲಿ, ಯಾರೂ ಜೋಡಿಸಲ್ಲ. ಬರೆದು ಕಳಿಸಿದ ಪತ್ರ ಹೋಗಿ ಸಾಲಿನ ಕೊನೇಲಿ ನಿಂತ್ಕೊಳ್ಳುತ್ತೆ. ಅದರ ಹಿಂದೆ ಇನ್ನೊಂದು. ಈ ಪತ್ರ ನಿಂತಿರೋದು ಇಪ್ಪತ್ತೆರಡನೇ ತಾರೀಖಿನ ಪತ್ರಗಳ ಮಧ್ಯೆ."

"ಇಪ್ಪತ್ತೆರಡಕ್ಕೆ ಅಪ್ಪ ಹೋಗಿ ಹತ್ತೊಂಬತ್ತು ದಿನ ಆಗಿತ್ತು," ಎಂದಳು ಅವಳು, ನಿಧಾನವಾಗಿ.

"ಹೌದು."

"ಅಂದ್ರೆ ಅವರಾಗೇ ಹೋಗಿದ್ದಲ್ಲ."

"ಅಷ್ಟು ದೂರ ಈಗಲೇ ಹೋಗ್ಬೇಡ. ಆ ಕಾಗದ ಸುಳ್ಳು ಅಂತ ಮಾತ್ರ ಗೊತ್ತಾಗ್ತಿದೆ. ಅದಕ್ಕೂ ಇನ್ನೊಂದು ಸಾಕ್ಷಿ ಬೇಕು."

ಅವಳ ಕಣ್ಣು ತುಂಬಿತು, ಆದರೆ ಅವಳು ಅಳಲಿಲ್ಲ. ತಂದೆ ತಾನಾಗಿಯೇ ಬಿಟ್ಟುಹೋದರೋ, ಎಲ್ಲೋ ಸಿಕ್ಕಿಬಿದ್ದಿದ್ದಾರೋ ಎಂಬ ಒಂದೇ ಪ್ರಶ್ನೆಯನ್ನು ನಲವತ್ತಮೂರು ದಿನ ಹೊತ್ತವಳು ಅವಳು. ಮಕ್ಕಳಿಲ್ಲದ ನನಗೆ ಅಂಥ ಹೊತ್ತಿನಲ್ಲಿ ಕೈಯನ್ನು ಎಲ್ಲಿಡಬೇಕೆಂದು ಇವತ್ತಿಗೂ ತಿಳಿಯುವುದಿಲ್ಲ.

ಕೋಣೆಯ ಆಚೆ ತುದಿಯಲ್ಲಿ, ನಮಗೆ ಬೆನ್ನು ಮಾಡಿ, ಬಣ್ಣದಕ್ಕ ಸಮುದ್ರ ಬಳಿಯುತ್ತಿದ್ದಳು. ಇಪ್ಪತ್ತೆಂಟು ವರ್ಷದಿಂದ ಇಲ್ಲಿ ತಯಾರಾದ ಗೋಳಗಳ ಸಮುದ್ರವೆಲ್ಲ ಆಕೆಯದೇ. ಯಜಮಾನರು ಹೋದ ಮೇಲೆ ಆರ್ಡರುಗಳಿಗೆ ಉತ್ತರ ಬರೆಯುವುದನ್ನೂ ಆಕೆಯೇ ನೋಡಿಕೊಳ್ಳುತ್ತಿದ್ದಳು, ಇದೇ ಕಂಪ್ಯೂಟರಿನಲ್ಲಿ, ಯಜಮಾನರ ಹೆಸರಿನಲ್ಲೇ. ತಾಯಿಯಿಲ್ಲದ ಈ ಹುಡುಗಿಯ ತಲೆ ಬಾಚಿ ಬೆಳೆಸಿದ್ದೂ ಆಕೆ. ಬ್ರಷ್ಷು ನಿಲ್ಲದೆ ಹೋಗಿ ಬರುತ್ತಿತ್ತು. ಎಷ್ಟು ಕೇಳಿಸಿತೋ ನನಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಬೀಗದ ಕೈಗೊಂಚಲಿನ ಸದ್ದಾಯಿತು. ಹುಡುಗಿಯ ಚಿಕ್ಕಪ್ಪ. ಆ ಮನುಷ್ಯ ಬರುವ ಮೊದಲೇ ಅವರ ಕೀಲಿಗಳು ಬರುತ್ತವೆ.

"ಇನ್ನೂ ಆಗಿಲ್ವಾ ಟಪಾಲಮ್ನೋರೇ? ನಾಲ್ಕಕ್ಕೆ ಗುಜರಿಯವನು ಗಾಡಿ ತರ್ತಾನೆ. ಈ ಡಬ್ಬಿ ಇವತ್ತು ಇಲ್ಲಿಂದ ಹೋಗ್ಲೇಬೇಕು."

"ಡಬ್ಬಿ ಮೇಲೆ ನಿಮಗೇನು ಸಿಟ್ಟು?"

"ಸಿಟ್ಟೇನಿಲ್ಲ. ಟಿಕ್ ಟಿಕ್ ಅಂತಾನೇ ಇರುತ್ತೆ, ಇವತ್ತೋ ನಾಳೆಯೋ ಸಾಯುತ್ತೆ. ಅಣ್ಣನ ಕಾಗದಪತ್ರ ಹಾಳಾಗ್ಬಾರ್ದು ಅಂತಲೇ ನಿಮ್ಮನ್ನ ಕರೆಸಿದ್ದು."

ಅದು ನಿಜ. ನನ್ನನ್ನು ಕರೆಸಿದ್ದು ಅವರೇ. ತಪ್ಪು ಮಾಡಿದವನು ತಾನೇ ನನ್ನನ್ನು ಮನೆಯೊಳಗೆ ಬಿಟ್ಟುಕೊಳ್ಳುತ್ತಾನೆಯೇ ಎಂದು ಒಂದು ಕ್ಷಣ ಯೋಚಿಸಿದೆ. ಕಡತದೊಳಗಿನ ಸಾಲಿನ ಸಂಗತಿ ಗೊತ್ತಿಲ್ಲದವನು ಬಿಟ್ಟುಕೊಳ್ಳುತ್ತಾನೆ ಎಂದೂ ಯೋಚಿಸಿದೆ. ಕಾರ್ಖಾನೆ ಮುಚ್ಚಬೇಕೆಂದು ಅವರಿಗೆ ಮೊದಲಿಂದಲೂ ಆಸೆ. ಅಣ್ಣ ಸತ್ತಿದ್ದಾನೆ ಎನ್ನಲು ಹೆಣವಿಲ್ಲ. ಅಣ್ಣ ಬಿಟ್ಟುಹೋಗಿದ್ದಾನೆ ಎನ್ನಲು ಒಂದು ಪತ್ರ ಸಾಕಾಗಿತ್ತು.

ಕುರ್ಚಿ ತೋರಿಸಿದೆ. ಅವರು ಕೂರಲಿಲ್ಲ.

"ನಿಮ್ಮಣ್ಣ ಬರೆದ ಕಾಗದ ನೀವು ಯಾವತ್ತು ಓದಿದ್ರಿ?"

"ಎಷ್ಟು ಸಲ ಹೇಳೋದು? ಇಪ್ಪತ್ತಮೂರಕ್ಕೆ. ಓದಿದ ತಕ್ಷಣ ಇನ್‌ಸ್ಪೆಕ್ಟರನ್ನ ಕರ್ಕೊಂಡು ಬಂದೆ."

"ಎರಡಕ್ಕೆ ಬರೆದಿದ್ದನ್ನ ಇಪ್ಪತ್ತಮೂರಕ್ಕೆ ಓದಿದ್ರಾ?"

"ನನಗೆ ದಿನಕ್ಕೆ ನೂರು ಬರುತ್ತೆ. ಕೆಳಗೆಲ್ಲೋ ಬಿದ್ದಿತ್ತು."

"ಈ ಕಂಪ್ಯೂಟರಲ್ಲಿ ಆ ಪತ್ರ ಜಾಗ ತಪ್ಪಿ ಕೂತಿದೆ. ಇಪ್ಪತ್ತೆರಡನೇ ತಾರೀಖಿನವರ ಮಧ್ಯೆ." ಹುಡುಗಿಗೆ ಹೇಳಿದ್ದನ್ನೇ ಅವರಿಗೂ ಹೇಳಿದೆ. ಆಮೇಲೆ, ನ್ಯಾಯವಾಗಿ, ಇದನ್ನೂ ಸೇರಿಸಿದೆ: "ಒಂದೇ ಒಂದು ದಾರಿ ಇದೆ. ಯಾರಾದ್ರೂ ಆ ಪತ್ರವನ್ನ ಬೇರೆ ಕಡತಕ್ಕೆ ತೆಗೆದಿಟ್ಟು ಆಮೇಲೆ ವಾಪಸು ಹಾಕಿದ್ರೆ, ಹಳೇ ಪತ್ರವೂ ಸಾಲಿನ ಕೊನೆಗೆ ಹೋಗಿ ನಿಲ್ಲುತ್ತೆ. ಹಾಗೇನಾದ್ರೂ ಆಗಿತ್ತಾ?"

ಕೀಲಿಗಳು ಸುಮ್ಮನಾದವು.

"ಆಗಿತ್ತು," ಎಂದರು ಚಿಕ್ಕಪ್ಪ. "ನಾನೇ. ಇನ್‌ಸ್ಪೆಕ್ಟರಿಗೆ ತೋರ್ಸೋಕೆ ಅಂತ ಬೇರೆ ತೆಗೆದಿಟ್ಟಿದ್ದೆ. ಆಮೇಲೆ ವಾಪಸ್ ಹಾಕ್ದೆ. ಈಗ ನೆನಪಾಗ್ತಿದೆ."

"ಮೂರು ವಾರ ಆದ್ಮೇಲೆ, ನಾನು ಕೇಳಿದ ತಕ್ಷಣ ನೆನಪಾಯ್ತು."

"ಅದರಲ್ಲೇನು ತಪ್ಪು?"

"ತಪ್ಪೇನಿಲ್ಲ. ಕೂತ್ಕೊಳ್ಳಿ."

ಈ ಸಲ ಕುಳಿತರು. ನಾನು ಪತ್ರವನ್ನು ತೆರೆದೆ. ನಾಲ್ಕೇ ಸಾಲಿನ ಪತ್ರ. ಅವರೆಲ್ಲ ಅದನ್ನು ಬಾಯಿಪಾಠ ಬರುವಷ್ಟು ಓದಿದ್ದರು. ನಾನು ಓದಿದ್ದು ಅದರ ಕೆಳಗಿನದನ್ನು. ಬರೆಯುವವರು ಕೈಯಿಂದ ಬರೆಯದ, ಕಂಪ್ಯೂಟರೇ ಪ್ರತಿ ಪತ್ರದ ಬಾಲಕ್ಕೂ ಅಂಟಿಸುವ ಸಣ್ಣ ಅಕ್ಷರಗಳು. ಕಾರ್ಖಾನೆಯ ಹೆಸರು, ಫೋನ್ ನಂಬರು, ತೆರೆದಿರುವ ಹೊತ್ತು. ಮೂವತ್ತು ವರ್ಷ ಲಕೋಟೆಯ ಹೊರಮೈಯನ್ನೇ ಓದಿದ ನನಗೆ ಕಾಗದದ ಒಳಗಿನದಕ್ಕಿಂತ ಅಂಚಿನದೇ ಮೊದಲು ಕಾಣುವುದು.

"ಇದನ್ನ ಓದಿ," ಎಂದೆ.

ಅವರು ಬಗ್ಗಿ ಓದಿದರು. "ಹತ್ತರಿಂದ ಎರಡರವರೆಗೆ ತೆರೆದಿರುತ್ತದೆ. ಹೌದು. ಅದಕ್ಕೇನು?"

"ನಿಮ್ಮಣ್ಣ ಇದ್ದಾಗ ಎಷ್ಟು ಹೊತ್ತು ತೆಗೆದಿರ್ತಿತ್ತು?"

ಉತ್ತರ ಹೇಳಿದ್ದು ಹುಡುಗಿ. "ಒಂಬತ್ತರಿಂದ ಐದು. ನಾನು ಹುಟ್ಟಿದಾಗಿನಿಂದ ಒಂಬತ್ತರಿಂದ ಐದು. ಹತ್ತರಿಂದ ಎರಡು ಮಾಡಿಸಿದ್ದು ನೀವು ಚಿಕ್ಕಪ್ಪ. ಅಪ್ಪ ಹೋಗಿ ಐದು ದಿನಕ್ಕೆ."

ಸಾಲಿನ ಆಚೆ ಈಚೆ ಇದ್ದ ಪತ್ರಗಳನ್ನು ಒಂದೊಂದಾಗಿ ತೆರೆದು ತೋರಿಸಿದೆ. ಯಜಮಾನರು ಇರುವ ತನಕದ ಪತ್ರಗಳಿಗೆಲ್ಲ ಒಂಬತ್ತರಿಂದ ಐದು. ಎಂಟನೇ ತಾರೀಖಿನಿಂದ ಹತ್ತರಿಂದ ಎರಡು. ಎರಡನೇ ತಾರೀಖಿನದು ಎನ್ನುವ ಈ ಒಂದು ಪತ್ರಕ್ಕೆ ಮಾತ್ರ, ಆಗಿನ್ನೂ ಯಾರ ತಲೆಗೂ ಬಾರದಿದ್ದ ಹೊತ್ತು ಅಂಟಿಕೊಂಡಿತ್ತು.

ಫ್ಯಾನು ತಿರುಗುತ್ತಿತ್ತು. ನೆಲವೇ ಇಲ್ಲದ ಒಂದು ಗೋಳ ನಮ್ಮ ಮೂವರ ತಲೆಯ ಮೇಲೆ ಬಂದು, ಹಾದು, ಮತ್ತೆ ಬಂತು.

"ನಾನು ಬರೆದಿಲ್ಲ," ಎಂದರು ಚಿಕ್ಕಪ್ಪ. ಗಟ್ಟಿ ದನಿ ಎಲ್ಲೋ ಹೋಗಿತ್ತು. "ತೆಗೆದಿಟ್ಟೆ ಅಂದಿದ್ದು ಸುಳ್ಳು. ಒಪ್ಕೋತೀನಿ. ಆದ್ರೆ ಬರೆದಿಲ್ಲ."

"ಹಾಗಿದ್ರೆ ಸುಳ್ಳು ಯಾಕೆ ಹೇಳಿದ್ರಿ?"

"ಆ ಕಾಗದ ನಿಜ ಆಗಿರ್ಲಿ ಅಂತ." ಅವರು ಅಂಗೈಯಲ್ಲಿ ಮುಖ ಒರೆಸಿಕೊಂಡರು. "ಅಣ್ಣ ಎಲ್ಲೋ ಆರಾಮಾಗಿದ್ದಾನೆ, ನಮ್ಮ ಮೇಲೆ ಬೇಜಾರು ಮಾಡ್ಕೊಂಡು ಕೂತಿದ್ದಾನೆ ಅಂದ್ಕೊಂಡ್ರೆ ರಾತ್ರಿ ನಿದ್ದೆ ಬರ್ತಿತ್ತು. ಅದೂ ಹೋಗುತ್ತಲ್ಲ ಅಂತ."

ಆ ಮನುಷ್ಯನ ಮೇಲೆ ನನಗಿದ್ದ ಸಿಟ್ಟು ಅಲ್ಲೇ ಅರ್ಧ ಇಳಿಯಿತು. ಇಳಿಯಬಾರದಿತ್ತು, ಪತ್ತೇದಾರಿಕೆ ಮಾಡುವವರಿಗೆ ಅದು ಒಳ್ಳೆಯದಲ್ಲ. ಆದರೆ ಇಳಿಯಿತು.

"ಕೆಳಗೆಲ್ಲೋ ಬಿದ್ದಿದ್ದ ಕಾಗದ ಇಪ್ಪತ್ತಮೂರನೇ ತಾರೀಖೇ ಯಾಕೆ ಕಣ್ಣಿಗೆ ಬಿತ್ತು?" ಎಂದು ಕೇಳಿದೆ.

"ಹುಡುಕಿ ನೋಡಿ ಅಂದ್ರು. ಅಣ್ಣ ಹೋಗೋ ಮೊದಲು ನಿಮಗೇನಾದ್ರೂ ಬರೆದಿದ್ರಾ, ಹಳೇದನ್ನೆಲ್ಲ ಒಂದ್ಸಲ ಹುಡುಕಿ ಅಂತ ಫೋನ್ ಮಾಡಿ..."

ಮಾತು ಅಲ್ಲಿಗೆ ನಿಂತಿತು. ಅವರು ತಲೆಯೆತ್ತಿ ಕೋಣೆಯ ಆಚೆ ತುದಿಯನ್ನು ನೋಡಿದರು. ನಾನೂ ನೋಡಿದೆ. ಬ್ರಷ್ಷು ನಿಂತಿತ್ತು.

ಬಣ್ಣದಕ್ಕ ಎದ್ದು ಬಂದಳು. ಬರುವಾಗ ತೂಗುತ್ತಿದ್ದ ಎರಡು ಗೋಳಗಳನ್ನು ಎರಡು ಬೆರಳಿನಲ್ಲಿ ಮುಟ್ಟಿ ಒಣಗಿದೆಯೇ ಎಂದು ನೋಡಿದಳು. ಅಷ್ಟು ನಿಧಾನ. ನಮ್ಮ ಮೇಜಿನ ಹತ್ತಿರ ನಿಂತು ಕನ್ನಡಕ ತೆಗೆದು ನನ್ನ ಲ್ಯಾಪ್‌ಟಾಪಿನ ಪಕ್ಕ ಇಟ್ಟಳು. ಅದಿಲ್ಲದೆ ಆಕೆಗೆ ಎದುರು ಕುಳಿತವರ ಮುಖವೂ ಸರಿಯಾಗಿ ಕಾಣುವುದಿಲ್ಲ. ಬಹುಶಃ ಕಾಣಬಾರದೆಂದೇ ತೆಗೆದಳು.

"ನಾನು ಬರೆದಿದ್ದು," ಎಂದಳು. "ಗಡಿಯಾರ ಹಿಂದಕ್ಕೆ ತಿರುಗ್ಸಿ, ಬರೆದು, ಕಳ್ಸಿ, ಮತ್ತೆ ಸರಿ ಮಾಡ್ದೆ. ಬಾಲದಲ್ಲಿ ಬರೋದರ ಮೇಲೆ ನಂಗೆ ಗಮನವೇ ಇರ್ಲಿಲ್ಲ. ನಾನೇ ಬದಲಾಯ್ಸಿದ್ದೆ, ನಂಗೇ ಮರೆತುಹೋಗಿತ್ತು."

"ಯಾಕಕ್ಕಾ?" ಎಂದಳು ಹುಡುಗಿ. ಅಷ್ಟು ಸಣ್ಣ ದನಿಯನ್ನು ನಾನು ಬಹಳ ದಿನದಿಂದ ಕೇಳಿರಲಿಲ್ಲ.

"ನೀನು ದಿನಾ ಎಲ್ಲಿಗೆ ಹೋಗ್ತಿದ್ದೆ ಪುಟ್ಟಿ? ಹೇಳು. ಒಂದೊಂದು ಆಸ್ಪತ್ರೆಯ ಹೆಣದ ಕೋಣೆಗೂ ಹೋಗಿ ಬರ್ತಿದ್ದೆ. ಬಂದ್ಮೇಲೆ ಕೈ ತೊಳೀತಾನೇ ಇರ್ತಿದ್ದೆ. ಹದಿನೆಂಟು ದಿನ ನೀನು ಸರಿಯಾಗಿ ಒಂದು ತುತ್ತು ತಿಂದಿದ್ದು ನಾನು ನೋಡ್ಲಿಲ್ಲ." ಆಕೆಯ ಕೈಯ ನೀಲಿ ಬಣ್ಣ ಸೆರಗಿಗೆಲ್ಲ ಮೆತ್ತುತ್ತಿತ್ತು. "ಬೇಕೂಂತಲೇ ಹೋದ್ರು ಅಂತ ಗೊತ್ತಾದ್ರೆ ಸಿಟ್ಟು ಬರುತ್ತೆ. ಸಿಟ್ಟು ಬಂದವರು ಊಟ ಮಾಡ್ತಾರೆ. ನೀನೂ ಮಾಡ್ದೆ."

ಹುಡುಗಿ ಕುರ್ಚಿಯನ್ನು ಆಕೆಯ ಕಡೆಗೆ ತಿರುಗಿಸಿದಳು.

"ಪೊಲೀಸರು ಹುಡುಕೋದು ಬಿಟ್ಟು ಮೂರು ವಾರ ಆಯ್ತು ಅಕ್ಕ," ಎಂದಳು. "ಅಪ್ಪ ಎಲ್ಲಾದ್ರೂ ಬಿದ್ದಿದ್ರೆ? ಯಾರಾದ್ರೂ ಬರ್ತಾರೆ ಅಂತ ಕಾಯ್ತಿದ್ರೆ?"

ಬಣ್ಣದಕ್ಕ ಬಣ್ಣದ ಕೈಯಿಂದಲೇ ಕೆನ್ನೆ ಒರೆಸಿಕೊಂಡಳು. "ಅದನ್ನ ಯೋಚ್ನೆ ಮಾಡ್ಲಿಲ್ಲ. ನಿನ್ನೊಬ್ಬಳನ್ನೇ ನೋಡ್ತಿದ್ದೆ."

ಹುಡುಗಿ ಎದ್ದಳು. ಹೊಡೆದುಬಿಡುತ್ತಾಳೋ ಎಂದು ನನಗೆ ಭಯವಾಯಿತು. ಅವಳು ಮಾಡಿದ್ದು ಬೇರೆ. ಆಕೆಯ ಕೆನ್ನೆಗೆ ಮೆತ್ತಿದ್ದ ನೀಲಿಯನ್ನು ತನ್ನ ದುಪಟ್ಟಾದ ತುದಿಯಿಂದ ಒರೆಸಿದಳು. ಒರೆಸಿದಷ್ಟೂ ಅದು ಹರಡಿತು. ಕೊನೆಗೆ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತರು. ಮುಖ ತಿರುಗಿಸಿ ನಾನು ಸುಮ್ಮನೆ ಸ್ಕ್ರಿಪ್ಟನ್ನು ಮತ್ತೆ ಶುರು ಮಾಡಿದೆ.

ಚಿಕ್ಕಪ್ಪ ಇನ್‌ಸ್ಪೆಕ್ಟರಿಗೆ ಫೋನ್ ಮಾಡಲು ಹೊರಗೆ ಹೋದರು. ಗುಜರಿಯವನಿಗೆ ಬರಬೇಡ ಎನ್ನಿ ಎಂದು ಕೂಗಿ ಹೇಳಿದೆ. ಬಣ್ಣದಕ್ಕ ಮುಖ ತೊಳೆಯಲು ಹಿಂದುಗಡೆಯ ನಲ್ಲಿಗೆ ಹೋದಳು. ಗೋಡೆಗೆ ಒಂದು ಕೈ ತಾಗಿಸಿಕೊಂಡು ಹೋದಳು, ಕನ್ನಡಕ ಮೇಜಿನ ಮೇಲೇ ಇತ್ತು.

ಕೋಣೆಯಲ್ಲಿ ನಾವಿಬ್ಬರೇ ಉಳಿದೆವು. ಕೊನೆಯ ಪತ್ರ ದಾಟಿತು. ಸ್ಕ್ರಿಪ್ಟು ತಾನಾಗಿ ನಿಂತಿತು. ಹಳೆಯ ಕಂಪ್ಯೂಟರು ಟಿಕ್ ಟಿಕ್ ಎನ್ನುತ್ತಾ ಇತ್ತು, ದಣಿದು ಬಂದವರು ಉಸಿರು ಬಿಡುವ ಹಾಗೆ.

"ಎಲ್ಲ ಹೋಯ್ತಾ?" ಎಂದಳು ಹುಡುಗಿ.

"ಎಲ್ಲ. ನಿಂದೂ ಸೇರಿ."

ಅವಳದು ನಲವತ್ತಮೂರು. ತಂದೆ ಹೋದ ಸಂಜೆಯಿಂದ ಇವತ್ತು ಬೆಳಿಗ್ಗೆಯ ತನಕ ದಿನಕ್ಕೊಂದರಂತೆ ಅವಳು ತಂದೆಯ ವಿಳಾಸಕ್ಕೆ ಬರೆಯುತ್ತಲೇ ಇದ್ದಳು. ಎಲ್ಲಿದ್ದರೂ ಓದುತ್ತಾರೆ ಎಂಬ ಒಂದು ಆಸೆ. ಓದಲು ಸಾಧ್ಯವೇ ಇರಲಿಲ್ಲವೆಂದು ಬೆಳಿಗ್ಗೆ ನಾನೇ ಅವಳಿಗೆ ಹೇಳಬೇಕಾಯಿತು. ಈ ಹಳೆಯ ಕಂಪ್ಯೂಟರಿಗೆ ಒಂದು ಚಾಳಿ. ಸರ್ವರಿಗೆ ಯಾವ ಪತ್ರ ಬಂದರೂ ಐದು ನಿಮಿಷದೊಳಗೆ ತನ್ನ ಹೊಟ್ಟೆಗೆ ಎಳೆದುಕೊಂಡು, ಅಲ್ಲಿಂದ ಅಳಿಸಿಬಿಡುತ್ತಿತ್ತು. ಹೊರಗೆ ಎಲ್ಲಿ ಕುಳಿತು ತೆರೆದರೂ ಯಜಮಾನರಿಗೆ ಪೆಟ್ಟಿಗೆ ಖಾಲಿ. ಮಗಳು ಒಂದು ಸಾಲೂ ಬರೆದಿಲ್ಲ ಎಂದೇ ಅವರು ಅಂದುಕೊಳ್ಳಬೇಕು. ಕೆಲಸ ಶುರು ಮಾಡುವ ಮೊದಲೇ ಆ ಚಾಳಿಯನ್ನು ಬಿಡಿಸಿದ್ದೆ.

ಅದನ್ನು ಕೇಳಿ ಅವಳು ಬಹಳ ಹೊತ್ತು ಆ ಡಬ್ಬಿಯನ್ನೇ ನೋಡಿದ್ದಳು. ಆಮೇಲೆ ಒಂದು ಬೇಡಿಕೆ ಇಟ್ಟಳು. ಹೊಸ ಕಡೆ ಸಾಗಿಸುವಾಗ ಪಾಸ್‌ವರ್ಡ್ ಬದಲಾಯಿಸುವುದು ನನ್ನ ನಿಯಮ. ಬದಲಾಯಿಸಬೇಡಿ ಆಂಟಿ, ಅಪ್ಪನಿಗೆ ಗೊತ್ತಿರುವುದೇ ಇರಲಿ ಎಂದಳು. ನಿಯಮವನ್ನು ಗಾಳಿಗೆ ತೂರಿದೆ.

ನನ್ನ ಲ್ಯಾಪ್‌ಟಾಪಿನಲ್ಲಿ ಸರ್ವರಿನ ಹೊಸ ಪೆಟ್ಟಿಗೆಯನ್ನು ತೆರೆದು ತೋರಿಸಿದೆ. ಬಂದ ಪತ್ರಗಳೆಲ್ಲ ಮಧ್ಯಾಹ್ನ ಹನ್ನೆರಡಕ್ಕೇ ಅಲ್ಲಿ ಸೇರಿದ್ದವು. ಓದಿದವು ತೆಳು ಅಕ್ಷರದಲ್ಲಿ, ಓದದವು ದಪ್ಪ ಅಕ್ಷರದಲ್ಲಿ. ಬಣ್ಣದಕ್ಕ ಆರ್ಡರುಗಳನ್ನೆಲ್ಲ ತೆರೆದು ಉತ್ತರಿಸಿದ್ದಳು, ಹಾಗಾಗಿ ದಪ್ಪಗೆ ಉಳಿದದ್ದು ಮಗಳ ಪತ್ರಗಳು ಮಾತ್ರ. ಒಂದನ್ನೂ ಯಾರೂ ತೆರೆದಿರಲಿಲ್ಲ. ಮೇಲೆ ಮೂಲೆಯಲ್ಲಿ ಎಣಿಕೆ ಇತ್ತು.

ನಲವತ್ತೊಂದು.

"ನಲವತ್ತಮೂರಲ್ವಾ?" ಎಂದಳು ಅವಳು.

ಎರಡು ಪತ್ರ ಎಲ್ಲಿ ಬಿದ್ದವು? ಮೊದಲ ಪತ್ರದಿಂದ ಎಣಿಸಿದೆ. ಯಾವುದೂ ಬಿದ್ದಿರಲಿಲ್ಲ. ನಲವತ್ತಮೂರೂ ಇದ್ದವು. ತೀರಾ ಹಳೆಯ ಎರಡು ಮಾತ್ರ ತೆಳ್ಳಗಾಗಿದ್ದವು.

"ನೀನು ತೆಗೆದ್ಯಾ?"

"ನಾನು ಮುಟ್ಟೇ ಇಲ್ಲ."

ನಾನೂ ಮುಟ್ಟಿರಲಿಲ್ಲ. ಇದು ಆ ಡಬ್ಬಿಯ ಕೆಲಸವೋ ಎಂದು ಹಳೆಯ ಕಂಪ್ಯೂಟರಿನ ನೆಟ್ ತಂತಿಯನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡೆ. ನಮ್ಮಿಬ್ಬರ ಕಣ್ಣೆದುರಿಗೇ ಮೂರನೆಯ ಪತ್ರದ ದಪ್ಪ ಅಕ್ಷರ ತೆಳುವಾಯಿತು. ನಲವತ್ತು.

ಯಾರೋ ಎಲ್ಲೋ ಕುಳಿತು ಓದುತ್ತಿದ್ದರು.

ಒಂದು ನಿಮಿಷ ಕಳೆಯಿತು, ಒಂದೂವರೆ. ಒಣಗುತ್ತಿದ್ದ ಗೋಳಗಳ ನೆರಳು ಪರದೆಯ ಮೇಲೆ ಹಾದುಹೋಗುತ್ತಿತ್ತು. ನಾಲ್ಕನೆಯದು ತೆಳುವಾಯಿತು. ಮತ್ತೆ ಅಷ್ಟೇ ಹೊತ್ತು. ಐದನೆಯದು.

"ಅಪ್ಪ," ಎಂದಳು ಅವಳು. "ಓದೋವಾಗ ಅವರ ತುಟಿ ಅಲ್ಲಾಡುತ್ತೆ ಆಂಟಿ. ಅದಕ್ಕೇ ಇಷ್ಟು ನಿಧಾನ."

"ಪಾಸ್‌ವರ್ಡ್ ಗೊತ್ತಿರೋ ಯಾರು ಬೇಕಾದ್ರೂ ಆಗಿರ್ಬಹುದು," ಎಂದೆ. ಹೇಳಬೇಕಾದ ಮಾತು, ಹೇಳಿದೆ. ನಂಬಲು ನನಗೂ ಮನಸ್ಸಿರಲಿಲ್ಲ. ಈ ಮಧ್ಯಾಹ್ನ ಹೀಗೇ ಇರಲಿ, ಈ ಎಣಿಕೆ ಹೀಗೇ ಇಳಿಯುತ್ತಾ ಹೋಗಲಿ ಎಂದು ನನಗನ್ನಿಸಿತು.

ಏಳನೆಯ ಪತ್ರದ ಮೇಲೆ ಎಣಿಕೆ ನಿಂತಿತು. ಮೂವತ್ತಾರು. ಎರಡು ನಿಮಿಷ, ಮೂರು ನಿಮಿಷ. ಅವಳು ನನ್ನ ಮೊಣಕೈ ಹಿಡಿದುಕೊಂಡಳು.

ಆಮೇಲೆ ಪಕ್ಕದ ಪಟ್ಟಿಯಲ್ಲಿ, ಅರ್ಧ ಬರೆದ ಪತ್ರಗಳು ಇರುವ ಕಡೆ, ಒಂದು ಎಂಬ ಅಂಕಿ ಹುಟ್ಟಿತು. ಬರೆಯುತ್ತಿರುವ ಪತ್ರವನ್ನು ಕಳಿಸುವ ಮುಂಚೆಯೇ ಸರ್ವರು ಆಗಾಗ ತೆಗೆದಿಡುತ್ತಿರುತ್ತದೆ. ತೆರೆದೆ.

'ಉಪಗ್ರಹವೇ, ನಾನು ಇದ್ದೇನೆ. ನಿನ್ನ ಕಾಗದಗಳು ಇವತ್ತು ಸಿಕ್ಕಿದವು. ನಾನು ಓದುತ್ತಿರುವುದು ಬಣ್ಣದಕ್ಕನಿಗೆ ಗೊತ್ತಾಗಬಾರದು. ಅವಳು'

ಅಷ್ಟೇ ಇತ್ತು. ಮುಂದಿನದನ್ನು ಅವರು ಇನ್ನೂ ಬರೆಯುತ್ತಿದ್ದರು.

"ಅಪ್ಪನೇ," ಎಂದಳು ಹುಡುಗಿ, ತುಟಿ ಅಲುಗಿಸದೆ. "ಆ ಹೆಸರು ನಮ್ಮಿಬ್ಬರಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ಚಿಕ್ಕೋಳಿದ್ದಾಗ ಅವರ ಸುತ್ತಾನೇ ಸುತ್ತುತ್ತಿದ್ದೆ ಅಂತ. ಎಲ್ಲರೆದುರಿಗೆ ಕರೆದ್ರೆ ನಾಚಿಕೆ ಆಗುತ್ತೆ ಅಂತ ಬಾಯಲ್ಲಿ ಯಾವತ್ತೂ ಕರೀಲಿಲ್ಲ. ಕಾಗದದಲ್ಲಿ ಮಾತ್ರ."

ಆ ನಲವತ್ತಮೂರು ಕಾಗದಗಳ ಕೊನೆಗೂ ಅವಳು ಅದೇ ಹೆಸರು ಬರೆದಿದ್ದಳು. ಅವನ್ನು ಇವತ್ತಿನ ತನಕ ಯಾರೂ ತೆರೆದಿರಲಿಲ್ಲ, ಬಣ್ಣದಕ್ಕನೂ.

ಹಿಂದುಗಡೆ ನಲ್ಲಿಯ ಸದ್ದು ನಿಂತಿತು.

ಕನ್ನಡಕ ನನ್ನ ಕೈಗೆ ಒಂದು ಗೇಣು ದೂರದಲ್ಲಿತ್ತು. ನನ್ನ ನೋಟ್‌ಬುಕ್ಕನ್ನು ತೆಗೆದು ಅದರ ಮೇಲೆ ಇಟ್ಟೆ. ಅಷ್ಟರಲ್ಲಿ ಬಣ್ಣದಕ್ಕ ಬಂದಳು. ತೊಳೆದ ಮುಖದಿಂದ ನೀರು ಇಳಿಯುತ್ತಿತ್ತು. ಅತ್ತು ಇನ್ನೂ ಕೆಂಪಗಿದ್ದ ಕಣ್ಣು. ಹತ್ತು ನಿಮಿಷದ ಹಿಂದೆ ನಾನು ಮನಸಾರೆ ನಂಬಿದ್ದ ಮುಖ ಅದು.

"ಯಾಕೆ ಇಬ್ಬರೂ ಹೀಗೆ ಕೂತಿದ್ದೀರಿ? ಏನಾದ್ರೂ ಬಂತಾ?"

"ಆರ್ಡರ್ ಅಕ್ಕ," ಎಂದಳು ಹುಡುಗಿ. ದನಿ ಎಳ್ಳಷ್ಟೂ ಅಲುಗಲಿಲ್ಲ. "ಯಾರಿಗೋ ದೊಡ್ಡ ಗ್ಲೋಬ್ ಬೇಕಂತೆ."

"ಹೌದಾ." ಆಕೆ ಮೇಜಿನ ಅಂಚನ್ನು ಬೆರಳಿಂದ ಸವರುತ್ತಾ ಬಂದಳು. ನನ್ನ ನೋಟ್‌ಬುಕ್ಕಿನ ತನಕ ಬಂದು ಬೆರಳು ನಿಂತಿತು. ಅದನ್ನು ಎತ್ತಲಿಲ್ಲ. "ಕನ್ನಡಕ ಇಲ್ಲೇ ಇಟ್ಟಿದ್ದ ನೆನಪು. ಹೋಗ್ಲಿ ಬಿಡು. ನೀನೇ ಓದು."

ಚಿಕ್ಕಪ್ಪನ ಕುರ್ಚಿಯನ್ನು ಎಳೆದು ಬಾಗಿಲಿಗೆ ಅಡ್ಡವಾಗಿ ಹಾಕಿಕೊಂಡು ಕುಳಿತಳು. ಒದ್ದೆ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. ಮಗುವಿಗೆ ತಲೆ ಬಾಚಲು ಕರೆಯುವ ಅದೇ ಅಕ್ಕರೆ ದನಿಯಲ್ಲಿತ್ತು.

"ಒಂದಕ್ಷರ ಬಿಡದೆ ಓದು," ಎಂದಳು, "ಉಪಗ್ರಹ."